ಜೀಪಿನ ಕೆಲಸಕ್ಕೆ ಬಂದ ಬೈಕು

“ಈ ಜೀಪಿನಲ್ಲಿ ಬದಲಾಯಿಸಬೇಕಾದ ಪಾರ್ಟು ಎರಡೇ, ಮಾವ,” ಎಂದ ಪ್ರಜ್ಞೇಶ್. “ಒಂದು ಕ್ಲಚ್ ಪ್ಲೇಟು. ಇನ್ನೊಂದು ಡ್ರೈವರು.”

ಸಂಜೆ ಕಾಫಿ ತೂಗುವ ಹೊತ್ತು. ಹಣ್ಣು ಕುಯ್ದವರೆಲ್ಲ ತಮ್ಮ ತಮ್ಮ ಮೂಟೆಗೆ ಒರಗಿ ಕೂತು ಸರದಿ ಕಾಯುತ್ತಿದ್ದರು. ಇಡೀ ಎಸ್ಟೇಟಿಗೆ ಕೇಳುವ ಹಾಗೆ ಒಬ್ಬನ ಮಾನ ಕಳೆಯಬೇಕೆಂದರೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಮೊದಲು ಸಣ್ಣಿ ನಕ್ಕಳು. ಸಣ್ಣಿ ನಕ್ಕರೆ ಕೂಲಿಯವರ ಲೈನ್‌ಮನೆಯವರೆಲ್ಲ ನಗುತ್ತಾರೆ, ಯಾಕೆಂದು ಆಮೇಲೆ ಕೇಳಿಕೊಳ್ಳುತ್ತಾರೆ. ತಕ್ಕಡಿಗೆ ಮೂಟೆ ಎತ್ತುತ್ತಿದ್ದ ಬೋಜ ನಗು ತಡೆಯಲಾರದೆ ಮೂಟೆಯನ್ನು ಲೆಕ್ಕ ಬರೆಯುತ್ತಿದ್ದ ರೈಟರ ಕಾಲಿನ ಮೇಲೆ ಬಿಟ್ಟ.

ಆ ಎರಡನೆಯ ಪಾರ್ಟು ನಾನು. ಹೆಸರು ಲೋಹಿತ್. ಅಮ್ಮತ್ತಿ ಹತ್ತಿರ ಸೋಮಯ್ಯನವರ ಎಸ್ಟೇಟಿನ ಜೀಪು ಓಡಿಸುತ್ತೇನೆ. ಊರು ಕುಶಾಲನಗರದ ಕಡೆ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಜಗಳವಾಡಿ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಅಪ್ಪ ಜವರಯ್ಯ “ಸಿಟ್ಟು ಇಳಿದ ಮೇಲೆ ಹೋಗ್ತಾನೆ ಬಿಡಿ” ಎಂದು ಎಲ್ಲರಿಗೂ ಹೇಳುತ್ತಿದ್ದ. ಅದು ಇಳಿಯಲಿಲ್ಲ, ನಾನು ಹೋಗಲಿಲ್ಲ.

ಜೀಪು ನನಗಿಂತ ದೊಡ್ಡದು, ವಯಸ್ಸಿನಲ್ಲಿ. ಎಡಗಡೆ ಬಾಗಿಲಿಗೆ ಹಗ್ಗ ಕಟ್ಟಿದೆ. ವೈಪರನ್ನು ಕೈಯಲ್ಲಿ ಆಡಿಸಬೇಕು. ಇಳಿಜಾರಿನಲ್ಲಿ ನಿಲ್ಲಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಹಾಗಾಗಿ ಅಮ್ಮತ್ತಿ ಪೇಟೆಯಲ್ಲಿ ನಾನು ಎಲ್ಲಿ ಸಿಗುತ್ತೇನೆಂದು ಯಾರೂ ಹುಡುಕಬೇಕಾಗಿಲ್ಲ. ಇಷ್ಟಿದ್ದರೂ ಅದು ನನ್ನ ಕೈಗೆ ಬಂದಮೇಲೆ ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ. ನಿಂತದ್ದು ಎರಡು ದಿನ, ಅದು ಬೇರೆ ವಿಷಯ.

ಪ್ರಜ್ಞೇಶ್ ಸೋಮಯ್ಯನವರ ಹೆಂಡತಿ ಮುತ್ತಮ್ಮನವರ ತಮ್ಮನ ಮಗ. ಮೈಸೂರಿನಲ್ಲಿ ಓದಿದವನು. ಮೊಣಕೈಗೂ ಭುಜಕ್ಕೂ ದಿಂಬು ಹೊಲಿದ ರೈಡಿಂಗ್ ಜಾಕೆಟ್ ಹಾಕಿಕೊಂಡೇ ಊಟಕ್ಕೆ ಕೂರುತ್ತಾನೆ. ಹೊಸ ಬೈಕುಗಳನ್ನು ಓಡಿಸಿ ಫೋನಿನಲ್ಲಿ ವಿಡಿಯೋ ಮಾಡಿ ಹಾಕುತ್ತಾನೆ. ಆ ಸಲ ರಜೆಗೆಂದು ಬಂದವನ ತಲೆಯಲ್ಲಿ ಒಂದು ಯೋಜನೆ ಇತ್ತು: ಜೀಪು ಮಾರಿ ಒಂದು ಅಡ್ವೆಂಚರ್ ಬೈಕು ತೆಗೆದುಕೊಳ್ಳುವುದು. ತೀರಾ ದೊಡ್ಡದಲ್ಲ, ಚಿಕ್ಕದೂ ಅಲ್ಲ, ನಡುವಿನದು. ಟಾರು ರಸ್ತೆಗೂ ಆಗುತ್ತದೆ, ತೋಟದೊಳಕ್ಕೂ ಆಗುತ್ತದೆ. ಮೂಟೆ ಹೆಚ್ಚಿದ್ದ ದಿನ ಬಾಡಿಗೆಗೆ ಪಿಕಪ್ ಕರೆಸಿದರಾಯಿತು. ಉಳಿದಂತೆ ಮಾವನೇ ಓಡಿಸಬಹುದು, ತಾನಿದ್ದಾಗ ತಾನು.

“ಮತ್ತೆ ಇವ?” ಎಂದು ಸೋಮಯ್ಯನವರು ನನ್ನ ಕಡೆ ಗಲ್ಲ ತೋರಿಸಿದರು.

“ಕಣದಲ್ಲಿ ಕಾಫಿ ಕೆದಕ್ಲಿಕ್ಕೆ ಜನ ಬೇಕಲ್ಲ ಮಾವ. ಕೆದಕುವ ಹಲಗೆಗೆ ಕ್ಲಚ್ ಇಲ್ಲ, ಸುಟ್ಟು ಹೋಗುವ ಭಯವೂ ಇಲ್ಲ.”

ಸಣ್ಣಿ ಮತ್ತೆ ನಕ್ಕಳು. ಜನವರಿಯ ಬಿಸಿಲಿನಲ್ಲಿ ಕಣದ ಈ ತುದಿಯಿಂದ ಆ ತುದಿಗೆ ಹಲಗೆ ಎಳೆಯುತ್ತ, ಬೇರೆ ಯಾರದೋ ಗಾಡಿಯ ಸದ್ದು ಕೇಳುತ್ತ ಇರುವ ನನ್ನನ್ನು ನಾನೇ ಕಂಡೆ. ಕೈಯಲ್ಲಿದ್ದ ಸ್ಪಾನರನ್ನು ಬಾನೆಟ್ಟಿನ ಮೇಲೆ ಇಟ್ಟೆ. ಇಟ್ಟೆ ಎಂದರೆ ಬಾನೆಟ್ಟಿಗೆ ನೆಗ್ಗು ಬೀಳುವ ಹಾಗೆ ಇಟ್ಟೆ.

ಸೋಮಯ್ಯನವರು ಅವಸರದ ಮನುಷ್ಯರಲ್ಲ. ಕರಿಮೆಣಸಿನ ದರ ಇಂದು ಏರಿದರೆ ನಾಡಿದ್ದು ನೋಡುವ ಎನ್ನುವವರು. ಮೀಸೆ ತಿಕ್ಕಿಕೊಂಡು ಹೇಳಿದರು: “ಒಂದು ಕೆಲಸ ಮಾಡುವ. ನಾಳೆ ಆ ಬೈಕು ತರ್ಸು. ಜೀಪು ಒಂದು ದಿನದಲ್ಲಿ ಏನೇನು ಮಾಡ್ತದೋ ಅದನ್ನೆಲ್ಲ ಅದು ಮಾಡಿ ತೋರಿಸ್ಲಿ. ಮಾಡಿದ್ರೆ ಜೀಪು ಕೊಡುವ. ಇಲ್ಲಾಂದ್ರೆ ನೀನು ಈ ಮಾತು ಮತ್ತೆ ಎತ್ಲಿಕ್ಕಿಲ್ಲ.”

“ಡನ್ ಮಾವ. ನಾನೇ ಓಡಿಸ್ತೇನೆ.”

“ನೀನು ಓಡಿಸಿದ್ರೆ ಅದು ಬಿದ್ರೂ ನಿನಗೆ ಚಂದವೇ. ಇವ ಓಡಿಸ್ಲಿ. ಇವನ ಮುಖ ನೋಡು. ಬೈಕು ಗೇಟಿಗೆ ಬರುವ ಮೊದ್ಲೇ ಹತ್ತು ತಪ್ಪು ಹುಡುಕಿ ಇಟ್ಟಾಗಿದೆ.”

ಹತ್ತಲ್ಲ. ಆ ಹೊತ್ತಿಗಾಗಲೇ ಹದಿನೈದಾಗಿತ್ತು.

ಮರುದಿನ ಬೆಳಗ್ಗೆ ಗೋಣಿಕೊಪ್ಪಲಿನ ಶೋರೂಮಿನಿಂದ ಬೈಕು ಬಂತು. ತಂದವನು ಕೀರ್ತಿಕುಮಾರ್ ಎಂಬ ಸೇಲ್ಸ್ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಅವನ ಸ್ಕೂಟರನ್ನು ಹಿಂದೆ ಇನ್ನೊಬ್ಬ ತಂದು ಬಿಟ್ಟುಹೋದ. ಬೈಕು ಕೊಕ್ಕರೆಯ ಹಾಗೆ ಎತ್ತರಕ್ಕೆ ನಿಂತಿತ್ತು. ಮುಂದಿನ ಚಕ್ರ ದೊಡ್ಡದು, ಹಿಂದಿನದು ಸಣ್ಣದು, ಕಡ್ಡಿ ಚಕ್ರಗಳು, ಮೂತಿಯ ಮೇಲೊಂದು ಕೊಕ್ಕು, ಅದರ ಮೇಲೊಂದು ಅಂಗೈಯಗಲ ಗಾಜು.

“ನಾನೂರೈವತ್ತು ಸಿಸಿ ಅಣ್ಣ,” ಎಂದು ಅವನು ಶುರು ಮಾಡಿದ. “ಆನ್‌ರೋಡಿಗೂ ಸೈ, ಆಫ್‌ರೋಡಿಗೂ ಸೈ.”

“ಆಫ್‌ರೋಡ್ ಅಂದ್ರೆ?”

“ಅಂದ್ರೆ ರೋಡ್ ಇಲ್ಲದ ಕಡೆ.”

“ನಮ್ ಕಡೆ ರೋಡ್ ಇರೋ ಜಾಗ ಯಾವ್ದು, ಮೊದ್ಲು ಅದನ್ನ ತೋರ್ಸು.”

ಹತ್ತಿ ಕೂತೆ. ಕೂತಮೇಲೆ ನನ್ನ ಕಾಲುಗಳು ಎಲ್ಲಿವೆ ಎಂದು ನೆಲಕ್ಕೆ ತಿಳಿಯಲಿಲ್ಲ. ಹೆಬ್ಬೆರಳಿನ ತುದಿ ಮಾತ್ರ ತಾಗುತ್ತಿತ್ತು. ನಾನು ಎತ್ತರದಲ್ಲಿ ಅಪ್ಪನ ಕಡೆ. ಪ್ರಜ್ಞೇಶ್ ಜಗಲಿಯಲ್ಲಿ ಕಾಫಿ ಕುಡಿಯುತ್ತ, “ಏಣಿ ಬೇಕಾ ಗುರು?” ಎಂದ. ಮೊದಲನೆಯ ತಪ್ಪು ಸಿಕ್ಕಿತೆಂದು ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ಮಾತಿಗೆ ಸಿಟ್ಟು ಬರುವುದು ಸ್ವಲ್ಪ ತಡವಾಯಿತು.

ಜೀಪಿನ ಬೆಳಗಿನ ಕೆಲಸ ಗೋಣಿಕೊಪ್ಪಲಿಗೆ ಹೋಗಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟು ತರುವುದು. ಹೊರಟೆ. ಹಿಂದೆ ಸ್ಕೂಟರಿನಲ್ಲಿ ಕೀರ್ತಿಕುಮಾರ್, ಮದುವೆ ಮಾಡಿಕೊಟ್ಟ ಮಗಳನ್ನು ಕಳಿಸಿಕೊಡಲು ಬಂದವನ ಹಾಗೆ.

ನಾನು ಬೈಕಿನ ಪ್ರಾಣ ತೆಗೆಯಬೇಕೆಂದೇ ಹೊರಟಿದ್ದೆ. ಗುಂಡಿ ತಪ್ಪಿಸುವುದು ಬಿಟ್ಟು ಗುಂಡಿ ಹುಡುಕಿಕೊಂಡು ಹೋದೆ. ಜೀಪು ಅಂಥ ಗುಂಡಿಗೆ ಇಳಿದರೆ ಒಳಗಿದ್ದವರು ಹಲ್ಲು ಸರಿಯಾಗಿವೆಯೇ ಎಂದು ನಾಲಗೆಯಲ್ಲಿ ಮುಟ್ಟಿ ನೋಡಿಕೊಳ್ಳಬೇಕು. ಇದು ಇಳಿಯಿತು, ಒಮ್ಮೆ ಮೊಣಕಾಲು ಮಡಚಿತು, ಎದ್ದು ಹೋಯಿತು. ಇನ್ನೊಂದು ಗುಂಡಿ, ಇನ್ನೂ ಆಳದ್ದು. ಅದೇ ಕಥೆ. ಹಂಪಿನ ಮೇಲೆ ನಿಧಾನ ಮಾಡದೆ ಹಾರಿಸಿದೆ. ಕೂರ್ಗ್ ಕಿತ್ತಳೆ ಎಂದು ಬೋರ್ಡು ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ಬೈದದ್ದು ಕೇಳಿಸಿತು, ಬೈಕಿನಿಂದ ಒಂದು ಕಟಕ್ ಎಂಬ ಸದ್ದೂ ಇಲ್ಲ. ಗಾಜು ಗಿಡ್ಡ, ಗಾಳಿ ನೇರ ಹೆಲ್ಮೆಟ್ಟಿಗೆ ಬಡಿಯುತ್ತದೆ ಎಂದು ಎರಡನೆಯ ತಪ್ಪನ್ನು ಜೋಪಾನ ಮಾಡಿಕೊಂಡೆ. ಹಾರ್ನು ಮೇಕೆ ಮರಿಯ ಹಾಗೆ ಕೂಗುತ್ತದೆ, ಮೂರನೆಯದು.

ಆದರೆ ತಿರುವುಗಳು ಬಂದವು. ಎರಡೂ ಬದಿ ಸಿಲ್ವರ್ ಮರಗಳ ನೆರಳು, ರಸ್ತೆ ಎಡಕ್ಕೆ ಬಾಗಿ ಬಲಕ್ಕೆ ತಿರುಗಿ ಮತ್ತೆ ಎಡಕ್ಕೆ. ಜೀಪಿನಲ್ಲಿ ಆ ಜಾಗಕ್ಕೆ ಬಂದರೆ ನಾನು ಸ್ಟೇರಿಂಗಿನ ಜೊತೆ ಕುಸ್ತಿ ಮಾಡುತ್ತೇನೆ. ಇಲ್ಲಿ ನಾನು ನೋಡಿದ ಕಡೆ ಅದು ಹೋಗುತ್ತಿತ್ತು. ಹೇಳಬೇಕಾಗಿಯೇ ಇರಲಿಲ್ಲ. ಗೋಣಿಕೊಪ್ಪಲಿನಲ್ಲಿ ಬೆಲ್ಟು ಬ್ಯಾಗಿಗೆ ಹಾಕಿಕೊಂಡವನು, ಬ್ರೇಕು ಸರಿಯಾಗಿ ನೋಡಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಪೊನ್ನಂಪೇಟೆಯವರೆಗೆ ಹೋಗಿಬಂದೆ. ದಾರಿಯಲ್ಲಿ ಒಂದು ಬಟ್ಟೆ ಅಂಗಡಿಯ ಗಾಜಿನಲ್ಲಿ ಯಾರೋ ಬೈಕಿನ ಮೇಲೆ ಕೂತು ಹಲ್ಲು ಬಿಡುತ್ತಿರುವುದು ಕಂಡಿತು. ಯಾರಪ್ಪ ಇವನು ಎಂದು ನೋಡಿದರೆ ನಾನೇ. ತಕ್ಷಣ ಬಾಯಿ ಮುಚ್ಚಿದೆ.

“ಹೆಂಗಿದೆ ಅಣ್ಣ?” ಎಂದ ಕೀರ್ತಿಕುಮಾರ್, ಏದುಸಿರು ಬಿಡುತ್ತ ಬಂದು.

“ಹಾರ್ನ್ ಸರಿಯಿಲ್ಲ.”

ಎರಡನೆಯ ಕೆಲಸ ಕೆಳಗಿನ ಬ್ಲಾಕಿನಿಂದ ಕಾಫಿ ಮೂಟೆ ತರುವುದು. ಹೊಳೆಯ ಪಕ್ಕದ ಬ್ಲಾಕು ಅದು. ಅಲ್ಲಿಂದ ಕಣಕ್ಕೆ ಬರುವ ದಾರಿ ದಾರಿಯಲ್ಲ, ಮಳೆನೀರು ಇಳಿದು ಇಳಿದು ಮಾಡಿಕೊಂಡ ಚರಂಡಿ. ಮೇಲೆ ಒಣಗಿದ ಎಲೆ, ಎಲೆಯ ಕೆಳಗೆ ಉರುಟು ಕಲ್ಲು, ಕಲ್ಲಿನ ಕೆಳಗೆ ಹಿಟ್ಟಿನಂಥ ಕೆಂಪು ಮಣ್ಣು. ಜೀಪು ಅಲ್ಲಿ ಹತ್ತುವಾಗ ಬೋಜ ಹಿಂದಿನಿಂದ ಒಂದು ಕಲ್ಲು ಹಿಡಿದುಕೊಂಡು ಓಡಿಬರುತ್ತಾನೆ, ಜಾರಿದರೆ ಚಕ್ರಕ್ಕೆ ಕೊಡಲು.

“ಲಗೇಜ್ ರ್‍ಯಾಕಿಗೆ ಇಷ್ಟು ಭಾರ ಕಂಪನಿಯವರು ಹೇಳಿಲ್ಲ ಅಣ್ಣ,” ಎಂದು ಕೀರ್ತಿಕುಮಾರ್ ಮೂಟೆಯನ್ನೇ ಅಪ್ಪಿ ಹಿಡಿದ.

“ಕಂಪನಿಯವರು ಕಾಫಿ ಕುಡಿಯಲ್ವಾ? ಕಟ್ಟು ಬೋಜ.”

ಬೋಜ ಮೂಟೆಯನ್ನು ಅರ್ಧ ಮಾಡಿ, ಹಿಂದಿನ ಸೀಟಿನ ಮೇಲೆ ಗೋಣಿ ಹಾಸಿ, ಮನುಷ್ಯನನ್ನು ಕೂರಿಸಿದ ಹಾಗೆ ಕೂರಿಸಿ ಹಗ್ಗ ಬಿಗಿದ. “ನಾನು ಕಲ್ಲು ಹಿಡ್ಕೊಂಡು ಬರಬೇಕಾ?” ಎಂದ.

“ದೊಡ್ಡದೇ ಹಿಡ್ಕೊ.”

ನಿಜ ಹೇಳಬೇಕೆಂದರೆ ನಾನು ಅಲ್ಲಿ ಬೀಳುವ ಯೋಚನೆಯಲ್ಲೇ ಇದ್ದೆ. ಬಲಗಡೆ ಮೆತ್ತನೆಯ ಮಣ್ಣಿನ ದಿಬ್ಬವಿತ್ತು, ಬೈಕಿಗೆ ಹೆಚ್ಚು ಏಟಾಗುವುದಿಲ್ಲ, ನನಗೂ ಆಗುವುದಿಲ್ಲ. ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಿ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊದಲ ಗೇರಿನಲ್ಲಿ ಏರಿಸಿದೆ. ಮುಂದಿನ ಚಕ್ರ ಕಲ್ಲಿಗೆ ತಾಗಿ ಅತ್ತ ವಾಲಿತು, ತಾನೇ ಸರಿಯಾಯಿತು. ಹಿಂದಿನದು ಒಮ್ಮೆ ಸುತ್ತಿ ಮಣ್ಣು ಎರಚಿತು, ಹಿಡಿತ ಸಿಕ್ಕಿತು. ದಿಬ್ಬ ಬಲಗಡೆ ಬಂತು. ಈಗ ಬೀಳಬೇಕು ಎಂದುಕೊಂಡೆ. ಅಷ್ಟು ಚೆನ್ನಾಗಿ ಹತ್ತುತ್ತಿರುವುದನ್ನು ಬೀಳಿಸಲು ಕೈ ಬರಲಿಲ್ಲ. ದಿಬ್ಬ ಹಿಂದೆ ಹೋಯಿತು. ಕಣದ ಅಂಚಿಗೆ ಬಂದು ನಿಂತಾಗ ಬೋಜ ಇನ್ನೂ ಕೆಳಗೆ ಕಲ್ಲು ಹೊತ್ತು ಬರುತ್ತಿದ್ದ.

“ಜೀಪು ಬರೋಕೆ ಮುಂಚೆ ಅದರ ಹೊಗೆ ಬರ್ತಿತ್ತು,” ಎಂದಳು ಸಣ್ಣಿ ಸೊಂಟಕ್ಕೆ ಕೈ ಇಟ್ಟು. “ಇದು ಬಂದದ್ದೇ ಗೊತ್ತಾಗ್ಲಿಲ್ಲ.”

“ನಿನ್ನ ಕೇಳಿದೋರು ಯಾರು?”

“ನೀನು ಕೇಳ್ಬೇಕಾ? ನಂಗೆ ಕಣ್ಣಿಲ್ವಾ?”

ಸೈಡ್ ಸ್ಟ್ಯಾಂಡ್ ಹಾಕಿ ಮೂಟೆ ಇಳಿಸಿದೆ. ಕಣದ ಆಚೆಯ ಮಣ್ಣು ಮೆತ್ತಗಿತ್ತು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಸ್ಟ್ಯಾಂಡು ಮೆಲ್ಲಗೆ ನೆಲಕ್ಕೆ ಇಳಿಯುತ್ತಿತ್ತು, ಬೈಕು ಮೆಲ್ಲಗೆ ಕಾಫಿ ಗಿಡದ ಮೇಲೆ ಒರಗುತ್ತಿತ್ತು. ನಾಲ್ಕನೆಯ ತಪ್ಪು, ಅದೂ ಎಲ್ಲರ ಕಣ್ಣೆದುರು. ಬೀಳಲಿ ಎಂದುಕೊಂಡೆ. ಎಂದುಕೊಂಡವನ ಕಾಲು ಓಡಿಹೋದವು. ಆ ಕಡೆಯಿಂದ ನಾನು, ಈ ಕಡೆಯಿಂದ ಕೀರ್ತಿಕುಮಾರ್, ಇಬ್ಬರೂ ಬೈಕನ್ನು ತಬ್ಬಿಕೊಂಡು ನಿಂತೆವು. ಅವನ ಕಣ್ಣಲ್ಲಿ ನೀರಿತ್ತು. ನನ್ನ ಮುಖದಲ್ಲಿ ಏನಿತ್ತೋ ಗೊತ್ತಿಲ್ಲ, ಜಗಲಿಯಿಂದ ನೋಡುತ್ತಿದ್ದ ಸೋಮಯ್ಯನವರು ಮೀಸೆಯ ಕೆಳಗೆ ನಕ್ಕು ಒಳಗೆ ಹೋದರು. ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲೊಂದನ್ನು ಇಟ್ಟೆ. ಬೋಜ ತಂದಿದ್ದ ಕಲ್ಲು ಅದಕ್ಕಾದರೂ ಬಂತು.

ಮಧ್ಯಾಹ್ನದ ಮೇಲೆ ಜೀಪಿನ ಕೊನೆಯ ಕೆಲಸ: ಮುತ್ತಮ್ಮನವರನ್ನು ಮದುವೆಗೆ ಕರೆದುಕೊಂಡು ಹೋಗುವುದು. ಅವರ ಅಕ್ಕನ ಮಗನ ಮದುವೆ, ಗೋಣಿಕೊಪ್ಪಲಿನ ಈಚೆ ಒಂದು ಮಂಟಪದಲ್ಲಿ. ಸೋಮಯ್ಯನವರೂ ಪ್ರಜ್ಞೇಶನೂ ಪಕ್ಕದ ಎಸ್ಟೇಟಿನವರ ಕಾರಿನಲ್ಲಿ ಆಗಲೇ ಹೋಗಿಯಾಗಿತ್ತು. ಆ ಕಾರಿನಲ್ಲಿ ಇನ್ನೊಂದು ಸೀಟಿತ್ತು. ಆದರೆ ಸೋಮಯ್ಯನವರು ಮಾತಿಗೆ ತಪ್ಪುವವರಲ್ಲ. ಜೀಪಿನ ಕೆಲಸವೆಂದರೆ ಜೀಪಿನ ಕೆಲಸ.

ಇದೇ ನನ್ನ ಕೊನೆಯ ಆಸೆಯಾಗಿತ್ತು. ಮುತ್ತಮ್ಮನವರು ಅರುವತ್ತು ದಾಟಿದವರು, ಭಾರೀ ಆಳು. ಕೊಡವರ ರೀತಿಯಲ್ಲಿ ನೆರಿಗೆ ಹಿಂದಕ್ಕೆ ಹಾಕಿ ಉಟ್ಟ ರೇಷ್ಮೆ ಸೀರೆ, ಕೊರಳು ತುಂಬ ಚಿನ್ನ, ಕೈಯಲ್ಲೊಂದು ಉಡುಗೊರೆಯ ಚೀಲ. ಬೈಕನ್ನು ಮೇಲಿಂದ ಕೆಳಗೆ ನೋಡಿದರು.

“ಎಂತ ಕುಂಞಿ ಇದು, ಕುದುರೆಯಾ?” ಅವರಿಗೆ ನಾನು ಯಾವತ್ತೂ ಕುಂಞಿ, ಅಂದರೆ ಮಗು.

“ಬ್ಯಾಡ ಬಿಡಿ ಅಮ್ಮಾ,” ಎಂದೆ ಆಸೆಯಿಂದ. “ಸೀರೆ ಹಾಳಾಯ್ತದೆ. ಜೀಪು ತೆಗೀತೀನಿ.”

“ಜೀಪಲ್ಲಿ ಹೋದ್ರೆ ಸೀರೆ ಹಾಳಾಗುದಿಲ್ವಾ? ಹೋದ ಮದುವೆಗೆ ಹೋದಾಗ ಗ್ರೀಸು ಹತ್ತಿದ್ದು ಇನ್ನೂ ಹೋಗ್ಲಿಲ್ಲ. ತಾ ಇಲ್ಲಿ.”

ಕಣದ ಕಟ್ಟೆಯ ಪಕ್ಕಕ್ಕೆ ಬೈಕು ಒತ್ತಿ ನಿಲ್ಲಿಸಿದೆ. ಅವರು ಕಟ್ಟೆಯ ಮೇಲೆ ನಿಂತು, ಸಣ್ಣಿಯ ತಲೆಯ ಮೇಲೊಂದು ಕೈ, ಬೋಜನ ಹೆಗಲ ಮೇಲೊಂದು ಕೈ ಇಟ್ಟು, ಒಂದೇ ಬದಿಗೆ ಕಾಲು ಹಾಕಿ ಕೂತರು. ಹಿಂದಿನ ಸಸ್ಪೆನ್ಷನ್ ನಿಟ್ಟುಸಿರು ಬಿಟ್ಟಿತು. ಅದೇ ನನಗೆ ಲಾಭವಾಯಿತು: ಬೈಕು ತಗ್ಗಿದ್ದರಿಂದ ನನ್ನ ಕಾಲು ಮೊದಲ ಸಲ ನೆಲಕ್ಕೆ ಊರಿದವು. ಮಲ್ಲಿಗೆಯ ಮೇಲೆ ಹೆಲ್ಮೆಟ್ ಹಾಕಿಕೊಳ್ಳುವ ವಿಷಯದಲ್ಲಿ ಸ್ವಲ್ಪ ಮಾತಾಯಿತು. ಹಾಕಿಕೊಂಡರು. ಮಂಟಪ ಬರುವವರೆಗೆ ದಾರಿಯಲ್ಲಿ ಕಂಡ ಎಲ್ಲ ಎಸ್ಟೇಟಿನ ಗೇಟುಗಳ ಮುಂದೆ ನಿಧಾನ ಮಾಡಿಸಿದರು, ನೆಂಟರು ನೋಡಲೆಂದು.

ಮಂಟಪದ ಮುಂದಿನ ಗೇಟಿನಲ್ಲಿ ಕಾರುಗಳು ಸಿಕ್ಕಿಕೊಂಡು ನಿಂತಿದ್ದವು. “ಹಿಂದೆ ಬಾವಿ ಕಡೆಯಿಂದ ಒಂದು ಓಣಿ ಉಂಟು, ಅಲ್ಲಿ ಹೋಗು,” ಎಂದರು ಮುತ್ತಮ್ಮ. ಹೋದೆ. ಓಣಿ ಮುಗಿದು ದೊಡ್ಡ ದಾರಿಗೆ ಸೇರಿದ ಮೇಲೆಯೇ ನಾವು ಎಲ್ಲಿಗೆ ಬಂದಿದ್ದೇವೆಂದು ತಿಳಿದದ್ದು.

ಕೊಡವರ ಮದುವೆಯಲ್ಲಿ ಮದುಮಗಳು ಬಾವಿಯಿಂದ ನೀರು ಸೇದಿ, ಬಿಂದಿಗೆ ತಲೆಯ ಮೇಲಿಟ್ಟುಕೊಂಡು ನಡೆದು ಬರಬೇಕು. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ಅವಳ ಎದುರಿಗೆ ಅಡ್ಡ ನಿಲ್ಲುತ್ತಾರೆ. ಅವಳು ಬಿಂದಿಗೆ ಇಳಿಸುವ ಹಾಗಿಲ್ಲ, ಅವರು ಬೇಗ ದಾರಿ ಬಿಡುವ ಹಾಗಿಲ್ಲ. ಕುಣಿಯುವವರ ಹೊಟ್ಟೆಯಲ್ಲಿ ಬ್ರಾಂದಿ ಎಷ್ಟಿದೆ ಎನ್ನುವುದರ ಮೇಲೆ ಗಂಟೆಗಟ್ಟಲೆ ಆಗುವುದೂ ಉಂಟು. ನನ್ನ ಎಡಗಡೆ ಹತ್ತು ಮಾರು ದೂರದಲ್ಲಿ ಕೆಂಪು ಸೀರೆಯ ಮದುಮಗಳು ಬಿಂದಿಗೆ ಹೊತ್ತು ಬರುತ್ತಿದ್ದಳು. ಬಲಗಡೆ ಮೊಣಕಾಲುದ್ದದ ಕಪ್ಪು ಅಂಗಿ, ಕುಪ್ಯ, ತೊಟ್ಟ ಗಂಡಸರು, ಚಿಕ್ಕಮ್ಮಂದಿರು, ದೊಡ್ಡಮ್ಮಂದಿರು, ಎಲ್ಲರೂ ಕೈ ಎತ್ತಿ ಕುಣಿಯುತ್ತಿದ್ದರು. ನಡುವಿನ ಖಾಲಿ ಜಾಗಕ್ಕೆ ನಾನು ಬೈಕು ತಂದು ಹಾಕಿದ್ದೆ. ನಮ್ಮ ಹಿಂದೆ ಓಣಿಯಲ್ಲಿ ಜನ ತುಂಬಿಕೊಂಡರು, ಕೀರ್ತಿಕುಮಾರನ ಸ್ಕೂಟರು ಅವರ ನಡುವೆ ಮುಳುಗಿತು.

“ಅಮ್ಮಾ, ಇಳೀರಿ,” ಎಂದೆ.

“ಹೇಗೆ ಇಳಿಯುದು? ಕಟ್ಟೆ ಎಲ್ಲುಂಟು?” ಎಂದವರು ಸುತ್ತ ನೋಡಿದರು. ವಾಲಗ ಕಿವಿಗೆ ಬಿತ್ತು. ಅವರ ಭುಜ ತಾನಾಗಿ ಅಲ್ಲಾಡತೊಡಗಿತು. “ನಾನು ಗಂಡಿನ ಕಡೆಯವಳು ಕುಂಞಿ. ಹುಡುಗಿಗೆ ದಾರಿ ಬಿಡ್ಲಿಕ್ಕಿಲ್ಲ. ಮುಂದೆ ಹೋಗು, ಆದ್ರೆ ಹೋಗ್ಬೇಡ.”

ಮುಂದೆ ಹೋಗಬೇಕು, ಹೋಗಬಾರದು. ಬೈಕನ್ನು ಕುಣಿಯುವವರ ಕಡೆ ತಿರುಗಿಸಿದೆ. ಈಗ ನನ್ನ ಹಿಂದೆ ಮದುಮಗಳು, ಮುಂದೆ ಅವರು. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟೆ. ಅದು ತೆವಳಿತು. ಇಷ್ಟು ನಿಧಾನಕ್ಕೆ ಜೀಪಾದರೆ ಕೆಮ್ಮಿ ಆಫ್ ಆಗುತ್ತಿತ್ತು. ಇದು ನಡೆಯುವ ಮಗುವಿಗಿಂತ ನಿಧಾನವಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಇಡೀ ದಾರಿಗೆ ಅಡ್ಡವಾಗಿ ಹೋಯಿತು. ಹಿಂದೆ ಮುತ್ತಮ್ಮ ಸೊಂಟದಿಂದ ಮೇಲೆ ಮದುಮಗಳ ಕಡೆ ತಿರುಗಿ, ಹೆಲ್ಮೆಟ್ ಸಮೇತ, ಎರಡೂ ಕೈ ಎತ್ತಿ ಕುಣಿಯುತ್ತಿದ್ದರು. ಅವರು ಎಡಕ್ಕೆ ಬಳುಕಿದರೆ ನಾನು ಬಲಕ್ಕೆ ಒರಗಿ ತೂಕ ಸರಿ ಮಾಡುತ್ತಿದ್ದೆ.

“ನೋಡ್ರಪ್ಪ, ಕಾಲೇ ಊರ್ಲಿಲ್ಲ ಇವ,” ಎಂದು ಯಾರೋ ಕೂಗಿದರು.

ಅದೇ ತಪ್ಪಾಯಿತು. ಆ ಮಾತು ಕೇಳಿದ ಮೇಲೆ ನಾನು ಕಾಲು ಊರುವ ಮಾತೇ ಇರಲಿಲ್ಲ. ವಾಲಗದವರು ನಮ್ಮನ್ನು ನೋಡಿ ಜೋರು ಮಾಡಿದರು. ಎಲ್ಲರ ಫೋನೂ ಮೇಲೆ ಬಂದವು. ಪ್ರಜ್ಞೇಶನಂತೂ ಕುಣಿಯುವವರ ನಡುವಿನಿಂದ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ವಿಡಿಯೋ ಮಾಡುತ್ತಿದ್ದ. ಬೈಕು ಒಂದು ಕಡೆ ಪೂರ್ತಿ ನಿಂತಿತು, ನಾನು ನಿಂತ ಬೈಕಿನ ಮೇಲೆ ಕಾಲು ಊರದೆ ಕೂತೆ, ಮತ್ತೆ ಬಿಟ್ಟೆ. ಜೀಪು, ಕಣ, ಹಲಗೆ ಒಂದೂ ನನ್ನ ತಲೆಯಲ್ಲಿ ಇರಲಿಲ್ಲ.

ಆಗ ಹಿಂದಿನಿಂದ ಸಣ್ಣ ಧ್ವನಿ ಬಂತು. ಮದುಮಗಳು ಬೈಕಿನ ಹಿಂದಿನ ಚಕ್ರದ ಹತ್ತಿರವೇ ಬಂದು ನಿಂತಿದ್ದಳು. ತುಟಿ ಅಲ್ಲಾಡಿಸದೆ ಹೇಳಿದಳು: “ಅಣ್ಣ, ಒಂದು ಸ್ವಲ್ಪ ಮುಂದೆ ಹೋಗಿ. ಕುತ್ತಿಗೆ ಬಿದ್ದು ಹೋಗ್ತಿದೆ.”

ಇಷ್ಟು ನಿಧಾನ ಓಡಿಸಿದ್ದಕ್ಕೆ ಇಂಜಿನ್ ಕಾದಿತ್ತು. ಆ ಹೊತ್ತಿಗೆ ರೇಡಿಯೇಟರಿನ ಫ್ಯಾನು ಒಮ್ಮೆಲೇ ಗುಂಯ್ ಎಂದು ಶುರುವಾಗಿ, ಬಿಸಿ ಗಾಳಿ ನನ್ನ ಮೊಣಕಾಲಿನ ಎರಡೂ ಬದಿಯಿಂದ ಹೊರಗೆ ನುಗ್ಗಿತು. ಸಿಕ್ಕಿತು ಎಂದುಕೊಂಡೆ. ಇದು ಹಾರ್ನು, ಗಾಜಿನಂಥ ಚಿಲ್ಲರೆ ತಪ್ಪಲ್ಲ. ನಿಧಾನ ಓಡಿಸಿದರೆ ಕಾಲು ಸುಡುವ ಗಾಡಿಯನ್ನು ತೋಟಕ್ಕೆ ಯಾರು ತೆಗೆದುಕೊಳ್ಳುತ್ತಾರೆ? ಪಕ್ಕದಲ್ಲಿ ಕುಣಿಯುತ್ತಿದ್ದ ಒಬ್ಬರು ದೊಡ್ಡಪ್ಪ “ಅಯ್ಯಯ್ಯೋ” ಎಂದು ಮೊಣಕಾಲು ಹಿಡಿದು ಒಂದೇ ನೆಗೆತಕ್ಕೆ ದಾರಿಯ ಅಂಚಿಗೆ ಹೋದರು. ಅವರ ಜಾಗ ಖಾಲಿಯಾಯಿತು. ನಾನು ಅಲ್ಲಿಗೆ ಚಕ್ರ ತೂರಿಸಿದೆ. ಈ ಕಡೆಯ ಚಿಕ್ಕಪ್ಪ ನೆಗೆದರು. ಬಿಸಿ ಗಾಳಿ ತಾಗಿದ ಕಡೆಯೆಲ್ಲ ಗಂಡಿನ ಕಡೆಯವರು ಕೋಳಿಗಳ ಹಾಗೆ ಎರಡೂ ಬದಿಗೆ ಹಾರಿದರು, ವಾಲಗಕ್ಕೆ ಸರಿಯಾಗಿಯೇ ಹಾರಿದ್ದರಿಂದ ಅದೂ ಕುಣಿತದ ಹಾಗೇ ಕಾಣುತ್ತಿತ್ತು. ನಡುವೆ ಬಿದ್ದ ದಾರಿಯಲ್ಲಿ ಮುಂದೆ ನಾವು, ಹಿಂದೆ ಬಿಂದಿಗೆ ಹೊತ್ತ ಹುಡುಗಿ. ಮಂಟಪದ ಮೆಟ್ಟಿಲು ಬರುವವರೆಗೆ ಅವಳು ಒಮ್ಮೆಯೂ ನಿಲ್ಲಬೇಕಾಗಲಿಲ್ಲ.

ಹೆಣ್ಣಿನ ಕಡೆಯವರು ಕೇಕೆ ಹಾಕಿದರು. ಗಂಡಿನ ಕಡೆಯವರು ಮೊಣಕಾಲು ಉಜ್ಜಿಕೊಳ್ಳುತ್ತ ನಗುತ್ತಿದ್ದರು. ಮುತ್ತಮ್ಮನವರನ್ನು ನಾಲ್ಕು ಜನ ಇಳಿಸಿದರು. ಗಂಡಿನ ಕಡೆಗೇ ಮೋಸ ಮಾಡಿದಿರಿ ಎಂದು ಅವರ ಅಕ್ಕ ಬೈಯಲು ಬಂದರು.

“ಹುಡುಗಿಗೆ ಕುತ್ತಿಗೆ ನೋಯ್ತದೆ, ದಾರಿ ಮಾಡು ಅಂತ ನಾನೇ ಹೇಳಿದ್ದು,” ಎಂದರು ಮುತ್ತಮ್ಮ ಹೆಲ್ಮೆಟ್ ತೆಗೆದು ಮಲ್ಲಿಗೆ ಸರಿಮಾಡಿಕೊಳ್ಳುತ್ತ. ಆಮೇಲೆ ಮೆಟ್ಟಿಲ ಮೇಲಿದ್ದ ಗಂಡನ ಕಡೆ ತಿರುಗಿದರು. “ಇನ್ನು ಜೀಪು ಹತ್ತಿ ಅಂತ ನನಗೆ ಹೇಳ್ಬೇಡಿ.”

ಪ್ರಜ್ಞೇಶ್ ಫೋನು ಹಿಡಿದುಕೊಂಡೇ ಓಡಿಬಂದ. “ಆಯ್ತಲ್ಲ ಮಾವ. ರೋಡ್ ಆಯ್ತು, ಆಫ್‌ರೋಡ್ ಆಯ್ತು, ಮದುವೆ ರೋಡೂ ಆಯ್ತು. ಜೀಪಿಗೆ ಗಿರಾಕಿ ನಾನೇ ನೋಡ್ತೇನೆ.”

“ನಿಲ್ಲು ಮಾರಾಯ.” ಸೋಮಯ್ಯನವರು ನನ್ನ ಹತ್ತಿರ ಬಂದರು. ನಾನಿನ್ನೂ ಬೈಕಿನ ಪಕ್ಕದಲ್ಲಿ ನಿಂತಿದ್ದೆ, ಕೈ ಅದರ ಟ್ಯಾಂಕಿನ ಮೇಲಿತ್ತು, ನೋಡಿದವನೇ ತೆಗೆದೆ. “ನಾವು ನೋಡಿದ್ದು ಒಂದು ಗಳಿಗೆ. ಬೆಳಗ್ಗಿಂದ ಓಡಿಸಿದ್ದು ನೀನು. ನಿನ್ನ ಬಾಯಲ್ಲಿ ಕೇಳ್ಬೇಕು ನನಗೆ. ಒಳ್ಳೇದಿಲ್ಲ ಅಂತ ಹೇಳು, ಆ ಶೋರೂಮಿನ ಹುಡುಗ ಬೈಕು ಈಗ್ಲೇ ತಗೊಂಡು ಹೋಗ್ತಾನೆ, ಜೀಪೂ ಉಳೀತದೆ, ನೀನೂ ಉಳೀತಿ. ಒಳ್ಳೇದು ಅಂದ್ರೆ ಕೊಡುವ ಜೀಪು. ಹೇಳು ಲೋಹಿತ್, ಹೇಗುಂಟು?”

ವಾಲಗ ನಿಂತಿತ್ತು. ಗ್ಲಾಸು ಹಿಡಿದವರು ಗ್ಲಾಸು ಹಿಡಿದೇ ಸುತ್ತ ನಿಂತರು. ಪ್ರಜ್ಞೇಶ್ ಫೋನನ್ನು ನನ್ನ ಮೂಗಿನ ಹತ್ತಿರ ತಂದ.

“ಹೇಳು ಗುರು. ರೆಕಾರ್ಡ್ ಆಗ್ತಿದೆ.”

ಸೀಟು ಎತ್ತರ ಎನ್ನಬಹುದಿತ್ತು. ಸ್ಟ್ಯಾಂಡು ಮಣ್ಣಿಗೆ ಇಳಿಯುತ್ತದೆ, ಫ್ಯಾನು ಕಾಲು ಸುಡುತ್ತದೆ ಎನ್ನಬಹುದಿತ್ತು. ಒಂದೂ ಸುಳ್ಳಾಗುತ್ತಿರಲಿಲ್ಲ. ಅದರ ಕೊನೆಗೆ ಬೇಡ ಎಂಬ ಒಂದು ಮಾತು ಸೇರಿಸಿದ್ದರೆ ಅದು ಮಾತ್ರ ಸುಳ್ಳಾಗುತ್ತಿತ್ತು, ಅಷ್ಟೆ. ಕಣದ ಹಲಗೆ ಬೇರೆಯವರ ಪಾಲಾಗುತ್ತಿತ್ತು. ಆದರೆ ನನ್ನನ್ನು ಬೈದವನು ಪ್ರಜ್ಞೇಶ್. ಬೈಕು ನನಗೆ ಒಂದು ಮಾತೂ ಅಂದಿರಲಿಲ್ಲ. ಬೆಳಗ್ಗಿನಿಂದ ನಾನು ಅದನ್ನು ಕೊಲ್ಲಲು ನೋಡಿದ್ದೆ, ಅದು ನಾನು ಹೇಳಿದ ಕಡೆಯೆಲ್ಲ ಬಂದಿತ್ತು. ಬಾಯಿ ತೆರೆದರೆ ಒಳಗಿನಿಂದ ಯಾವ ಮಾತು ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ಇವನ ಫೋನಿನೊಳಗೆ ಹಾಕಿಕೊಡುವುದಕ್ಕಿಂತ ಬಿಂದಿಗೆಯ ಬಾವಿಗೆ ಹಾರುವುದು ವಾಸಿ ಎನಿಸಿತು.

ಬೈಕಿನ ಕೀ ತೆಗೆದು ಸೋಮಯ್ಯನವರ ಕೈಯಲ್ಲಿಟ್ಟೆ. ಒಂಬತ್ತನೇ ಕ್ಲಾಸಿನಿಂದ ಹೊರಗೆ ಬಂದ ಹಾಗೆಯೇ ತಿರುಗಿ ನಡೆದೆ.

“ಏ, ಎಲ್ಲಿಗೆ ಕುಂಞಿ?” ಎಂದರು ಮುತ್ತಮ್ಮ ಹಿಂದಿನಿಂದ. “ನನ್ನನ್ನು ಮನೆಗೆ ಬಿಡುದು ಯಾರು?”

“ಅದು ಯಾವ ಉತ್ತರ ಮಾವ? ಹೂಂ ಅಂತಲೋ ಉಹೂಂ ಅಂತಲೋ?” ಎಂದ ಪ್ರಜ್ಞೇಶ್. ಸೋಮಯ್ಯನವರು ಏನು ಹೇಳಿದರೋ ಕೇಳಿಸಲಿಲ್ಲ. ಕುಣಿಯುವವರು ನನಗೂ ತಾವಾಗಿ ದಾರಿ ಬಿಟ್ಟರು. ಗೇಟಿನ ಹತ್ತಿರ ಕೀರ್ತಿಕುಮಾರ್ ಜೊತೆಜೊತೆಗೆ ಓಡಿಬಂದ. “ಅಣ್ಣ, ಹೆಲ್ಮೆಟ್. ಅಣ್ಣ, ಅದು ಶೋರೂಮಿಂದು,” ಎಂದ. ತೆಗೆದು ಅವನ ಎದೆಗೆ ಒತ್ತಿದೆ. “ಗಾಡಿ ಹೆಂಗಿದೆ ಅಂತ ನನಗಾದ್ರೂ ಹೇಳಿ ಹೋಗಿ ಅಣ್ಣ,” ಎಂದ.

ಅಮ್ಮತ್ತಿ ರಸ್ತೆಗೆ ಇಳಿದು, ಎಡಬದಿ ಹಿಡಿದು ನಡೆಯುತ್ತ ಹೋದೆ.